ಸಾಜಿದಾಳ ಅಪ್ಪನ ಬೂಟು

ಗಂಡನನ್ನು ಮಣ್ಣು ಮಾಡಿ ಬಂದ ಮೇಲಿನ ಮೊದಲ ಸಾದಾ ಬೆಳಗಿನಲ್ಲಿ ಹೇಮಲತಾ ಎದ್ದು ಹಾಲು ಕಾಯಿಸಲು ಇಟ್ಟಳು. ಬಾಗಿಲ ಹಿಡಿಕೆಗೆ ತೂಗುಹಾಕಿದ್ದ ಚೀಲದಲ್ಲಿ ಎಂದಿನಂತೆ ಎರಡು ಪ್ಯಾಕೆಟ್ ಇದ್ದವು. ಒಂದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎರಡನ್ನೂ ಕತ್ತರಿಸಿ ಒಂದೇ ಪಾತ್ರೆಗೆ ಸುರಿದು, ನೋಡುತ್ತ ನಿಂತಳು. ಹಾಲು ಉಕ್ಕಿತು. ಆಮೇಲೂ ನೋಡುತ್ತ ನಿಂತಳು.

"ಏನವಾ, ಗ್ಯಾಸ್ ಆರಿಸಬಾರದ?" ಎಂದು ಅತ್ತೆ ಶರಣಮ್ಮ ಬಂದು ಒಲೆ ಆರಿಸಿ, ಕಟ್ಟೆಯ ಮೇಲೆ ಹರಿದಿದ್ದನ್ನು ಅರಿವೆಯಿಂದ ಒರೆಸಿದರು.

ಅವರ ಮನೆತನದಲ್ಲಿ ಸೂತಕ ಹಿಡಿಯುವ ಪದ್ಧತಿ ಇರಲಿಲ್ಲ. ಸತ್ತವನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿ ಮಣ್ಣು ಕೊಟ್ಟು ಬಂದರೆ ಆಯಿತು. ಲಿಂಗದಲ್ಲಿ ಐಕ್ಯವಾದವನಿಗೆ ಎಂಥ ಮೈಲಿಗೆ? ಒಲೆ ಹೊತ್ತಬೇಕು, ಪೂಜೆ ನಡೆಯಬೇಕು, ಊಟ ಮಾಡಬೇಕು. ರಾಣೆಬೆನ್ನೂರಿನ ಹೊಲದಲ್ಲಿ ಈರೇಶನನ್ನು ಕೂರಿಸಿ ಬಂದಾಗ ಸ್ವಾಮಿಗಳು ಅದನ್ನೇ ಹೇಳಿದ್ದರು. ಅಳುವುದಕ್ಕೆ ಇಂತಿಷ್ಟು ದಿನ ಎಂದು ಗೊತ್ತು ಮಾಡದೆ ಬಿಟ್ಟದ್ದು ಒಳ್ಳೆಯದೋ ಕೆಟ್ಟದ್ದೋ ಹೇಮಲತಾಗೆ ತಿಳಿಯಲಿಲ್ಲ. ಅವಳು ಇನ್ನೂ ಅತ್ತಿರಲಿಲ್ಲ.

ಕೂರಿಸುವ ಮುನ್ನ ಮುಖ ತೊಳೆಯುವಾಗ ಮಾತ್ರ ತೊಡಕಾಗಿತ್ತು. ಈರೇಶ್ ಜೋಕರ್ ವೇಷದಲ್ಲಿ ಸತ್ತಿದ್ದ. ಆಸ್ಪತ್ರೆಯವರು ರಕ್ತ ತೊಳೆದಿದ್ದರು, ಬಣ್ಣ ತೊಳೆದಿರಲಿಲ್ಲ. ಗಡ್ಡದ ಬುಡದಲ್ಲಿ, ಕಿವಿಯ ಮಡಿಕೆಯಲ್ಲಿ, ಹೊಲಿಗೆ ಹಾಕಿದ ಗಾಯಗಳ ಅಂಚಿನಲ್ಲಿ ಬಿಳಿ ಬಣ್ಣ ಕಚ್ಚಿಕೊಂಡಿತ್ತು. ಶರಣಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಮಗನ ಮುಖ ಉಜ್ಜಿದರು. ಎಡಗಣ್ಣಿನ ಕೆಳಗೆ ಮೂಳೆ ಇರಬೇಕಾದ ಕಡೆ ಅವರ ಬೆರಳು ಒಳಕ್ಕೆ ಹೋಯಿತು. ಕೈ ತೆಗೆದರು. ಸ್ವಲ್ಪ ಹೊತ್ತು ತಮ್ಮ ಬೆರಳನ್ನೇ ನೋಡಿಕೊಂಡರು. ಆಮೇಲೆ ಆ ಜಾಗಕ್ಕೆ ವಿಭೂತಿಯನ್ನು ದಪ್ಪಗೆ ಮೆತ್ತಿದರು.

ಈಗ ಬ್ರೂಕ್‌ಫೀಲ್ಡಿನ ಈ ಫ್ಲ್ಯಾಟಿನಲ್ಲಿ ಅತ್ತೆ ಸೊಸೆ ಇಬ್ಬರೇ. ಈರೇಶ್ ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದ. ಭಾನುವಾರ ಬಂದರೆ ಜೋಕರ್. ಲಾವಣ್ಯ ಎಂಬ ಗೆಳತಿ ಕಟ್ಟಿದ್ದ ಸಣ್ಣ ಗುಂಪಿನ ಜೊತೆ ಹೋಗಿ, ಕೆರೆಯ ಹಿಂದಿನ ತಗಡಿನ ಶೆಡ್ಡುಗಳಲ್ಲಿದ್ದ ಮಕ್ಕಳನ್ನು ನಗಿಸಿ ಬರುತ್ತಿದ್ದ. ಬರ್ಮಾದ ಕಾದಾಟದಿಂದ ಓಡಿಬಂದು, ಇಲ್ಲಿನ ಅಪಾರ್ಟ್‌ಮೆಂಟುಗಳ ಕಸ ಬೇರ್ಪಡಿಸಿ ಬದುಕುವ ಜನರ ಮಕ್ಕಳು. ಹೇಮಲತಾ ಒಮ್ಮೆಯೂ ಹೋಗಿರಲಿಲ್ಲ. ಅವಳು ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವಳು. ಯುದ್ಧವೆಂದರೆ ಅವಳಿಗೆ ಕಾರಣಗಳು, ನಂತರ ಪರಿಣಾಮಗಳು.

ಬಚ್ಚಲಿನ ಮೂಲೆಯಲ್ಲಿ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಕವರ್ ಇತ್ತು. ಬಟ್ಟೆಯನ್ನೂ ಫೋನನ್ನೂ ಪೊಲೀಸರು ಒಯ್ದಿದ್ದರು. ಒಂಟಿ ಬೂಟಿಗೂ ಕೇಸಿಗೂ ಏನು ಸಂಬಂಧ ಎಂದು ಅದನ್ನು ಬಿಟ್ಟಿದ್ದರು. ಮೊಣಕಾಲವರೆಗೆ ಬರುವ, ಗದ್ದೆ ಕೆಲಸದವರು ಹಾಕುವಂಥ ಕಪ್ಪು ರಬ್ಬರ್ ಬೂಟು. ಎಡಗಾಲಿನದು. ಈರೇಶನ ಕಾಲಿಗಿಂತ ಬಹಳ ದೊಡ್ಡದು.

"ಒಂಟಿ ಮೆಟ್ಟು ಮನ್ಯಾಗ ಇಟ್ಕೊಬಾರದು. ಕಸದ ಗಾಡಿ ಬಂದಾಗ ಒಗದು ಬಾರವಾ," ಎಂದರು ಶರಣಮ್ಮ.

ಹೇಮಲತಾ ಹೂಂ ಎಂದಳು. ಆದರೆ ಕವರನ್ನು ಬಿಚ್ಚಿ, ಬೂಟನ್ನು ನಲ್ಲಿಯ ಕೆಳಗೆ ಹಿಡಿದಳು. ಒಳಗಿನಿಂದ ಮೊದಲು ಒಣಗಿದ ಚೂರುಗಳು ಬಂದವು, ನಂತರ ಕೆಂಪು ನೀರು, ಕೊನೆಗೆ ಚಹಾದ ಬಣ್ಣದ್ದು. ಬೂಟಿನ ಕಂಠ ಒಂದು ಕಡೆ ಹರಿದಿತ್ತು. ಯಾರೋ ಅದನ್ನು ಹಿಡಿದೇ ಅವನನ್ನು ಎಳೆದಾಡಿದ್ದರು. ಅದನ್ನು ಅವಳು ವಿಡಿಯೋದಲ್ಲಿ ನೋಡಿದ್ದಳು.

ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಯಾರೋ ಹಾಕಿ, ಆಮೇಲೆ ಅಳಿಸಿ, ಕೈ ಮುಗಿಯುವ ಚಿತ್ರ ಕಳಿಸಿದ್ದರು. ಅದರಲ್ಲಿ ರಾಡು ಏಳುವುದು, ಇಳಿಯುವುದು, ಹೆಲ್ಮೆಟ್ಟಿನಿಂದ ಒಬ್ಬ ಮುಖಕ್ಕೆ ಗುದ್ದುವುದು, ಇನ್ನೊಬ್ಬ ಫುಟ್‌ಪಾತಿನ ಇಟ್ಟಿಗೆ ಕೀಳಲು ಪರದಾಡುವುದು, ಕಿತ್ತು ತಂದು ಹಾಕುವುದು ಎಲ್ಲ ಇತ್ತು. ಹೇಮಲತಾ ಅದನ್ನು ಹಲವು ಸಲ ನೋಡಿದ್ದಳು. ಅವಳ ಕಣ್ಣು ಅದಕ್ಕೆ ಒಗ್ಗಿಹೋಗಿತ್ತು. ಕಿವಿ ಒಗ್ಗಲಿಲ್ಲ. ಹೊಡೆತದ ಸದ್ದಿನ ಹಿಂದೆ ಮಕ್ಕಳು ನಗುವುದು ಕೇಳುತ್ತಿತ್ತು. ಕೇಕೆ ಹಾಕಿ, ಚಪ್ಪಾಳೆ ತಟ್ಟಿ, ಬಿದ್ದು ಬಿದ್ದು ನಗುತ್ತಿದ್ದವು. ಹೊಡೆದವರಿಗಿಂತ ಆ ನಗುವಿನ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು. ಯಾವ ಮಕ್ಕಳಿಗಾಗಿ ಹೋಗುತ್ತಿದ್ದನೋ ಅವೇ ನಕ್ಕವು.

ಬಾಗಿಲ ಗಂಟೆ ಸದ್ದಾಯಿತು. ಬಾಗಿಲಲ್ಲಿ ಲಾವಣ್ಯ ನಿಂತಿದ್ದಳು. ಬಲಗೈಗೆ ಭುಜದವರೆಗೆ ಪ್ಲಾಸ್ಟರ್, ತುಟಿಗೆ ಹೊಲಿಗೆ. ಈರೇಶನ ಮೇಲೆ ಅಡ್ಡ ಬಿದ್ದು ಅವಳೂ ಪೆಟ್ಟು ತಿಂದಿದ್ದಳು.

"ಹೇಮಕ್ಕಾ, ಒಳಗೆ ಬರ್ಲಾ?"

"ಬಾ."

ಶರಣಮ್ಮ ಅವಳನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಅಡುಗೆಮನೆಗೆ ಹೋದರು. ಅಲ್ಲಿ ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಆದರೂ ಚಹಾ ಬಂತು. ಲೋಟವನ್ನು ಲಾವಣ್ಯಳ ಎಡಗೈಗೆ ಸಿಗುವಂತೆ ಇಟ್ಟು ಹೋದರು.

"ಅವ್ರನ್ನ ಖಾಲಿ ಮಾಡಿಸ್ತಿದಾರೆ," ಎಂದಳು ಲಾವಣ್ಯ. "ಶೆಡ್ಡುಗಳನ್ನ. ಇವತ್ತು ಸಂಜೆ ಲಾರಿ ಬರುತ್ತೆ. ಎಲ್ಲಿಗೆ ಅಂತ ಅವ್ರಿಗೇ ಗೊತ್ತಿಲ್ಲ. ಸಾಜಿದಾನೂ ಹೋಗ್ತಾಳೆ."

"ಯಾರು ಸಾಜಿದಾ?"

"ಆ ಬೂಟಿನವಳು."

ಹೇಮಲತಾ ಬಚ್ಚಲಿನ ಕಡೆ ತಿರುಗಿ ನೋಡಿದಳು.

"ಅವಳ ಅಪ್ಪಂದು ಅದು," ಎಂದಳು ಲಾವಣ್ಯ. "ನದಿ ದಾಟೋವಾಗ ಬೂಟು ಬಿಚ್ಚಿ, ಜೋಡಿ ಕಟ್ಟಿ, ಮಗಳ ಕುತ್ತಿಗೆಗೆ ಹಾಕಿದ್ನಂತೆ. ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡಿದ್ದ. ದಡದಿಂದ ಸೈನಿಕರು ಹೊಡೆದ್ರು. ಅವನು ನೀರಲ್ಲೇ ಹೋದ. ಇವಳನ್ನ ಬೇರೆ ಯಾರೋ ಎತ್ತಿಕೊಂಡ್ರು. ಇವಳ ಕುತ್ತಿಗೇಲಿ ಬೂಟು ಉಳೀತು. ಯಾರಿಗೂ ಮುಟ್ಟೋಕೆ ಬಿಡಲ್ಲ. ಜೋಕರ್ ವೇಷಕ್ಕೆ ಬೇಕು ಅಂತ ಈರೇಶ್ ಕೇಳಿದ್ದಕ್ಕೆ ಒಂದು ಕೊಟ್ಟಳು. ಎರಡೂ ಕೊಟ್ರೆ ನೀನು ವಾಪಸ್ ಬರಲ್ಲ, ಅದಕ್ಕೆ ಒಂದೇ ಅಂದ್ಲು."

ಹೇಮಲತಾಗೆ ಕಳೆದ ವಾರ ನೆನಪಾಯಿತು. ಈರೇಶ್ ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು ಹಾಕಿಕೊಂಡು ಪಡಸಾಲೆಯಲ್ಲಿ ಟಪ್ಪಡಿ ಟಪ್ಪಡಿ ನಡೆದಿದ್ದ. ಕೆಳಗಿನ ಮನೆಯವರು ಬೈಯುತ್ತಾರೆ, ಬಿಚ್ಚು ಎಂದು ಇವಳೇ ಗದರಿದ್ದಳು.

"ನಕ್ಕರಲ್ಲ," ಎಂದಳು. ಅವಳ ದನಿ ಬೇರೆ ಯಾರದೋ ಎಂಬಂತಿತ್ತು. "ಅವನಿಗೆ ಹೊಡೀತಿದ್ರೆ ನಿಮ್ಮ ಮಕ್ಕಳು ನಕ್ಕರಲ್ಲ ಲಾವಣ್ಯ. ಎಲ್ಲಾದರೂ ಹೋಗಲಿ ಬಿಡು."

ಲಾವಣ್ಯ ಲೋಟ ಕೆಳಗಿಟ್ಟಳು.

"ಅದನ್ನ ಹೇಳೋಕೇ ಬಂದೆ."

ಅವಳು ಹೇಳಿದ್ದು ಇಷ್ಟು. ಲಾವಣ್ಯ ಮೊದಲು ಯುದ್ಧ ಬೇಡವೆಂದು ಫಲಕ ಹಿಡಿದು ಟೌನ್ ಹಾಲ್ ಮುಂದೆ ನಿಲ್ಲುತ್ತಿದ್ದವಳು. ಒಂದು ದಿನ ಫಲಕ ಬಿಟ್ಟು, ಯುದ್ಧ ನೋಡಿ ಬಂದ ಮಕ್ಕಳ ಹತ್ತಿರ ಹೋದಳು. ಅವರ ಗುಂಪಿಗೆ ಕೆಲವು ನಿಯಮಗಳಿದ್ದವು. ಬಲೂನು ಒಯ್ಯಬಾರದು, ಅದು ಒಡೆದರೆ ಮಕ್ಕಳು ಉಚ್ಚೆ ಹೊಯ್ದುಕೊಳ್ಳುತ್ತವೆ. ಮಕ್ಕಳಿಗಿಂತ ಎತ್ತರದಲ್ಲಿ ನಿಂತು ಮಾತಾಡಬಾರದು, ನೆಲಕ್ಕೆ ಕೂರಬೇಕು. ಮಕ್ಕಳು ಯಾವ ಆಟ ಕೇಳುತ್ತವೋ ಅದನ್ನೇ ಆಡಬೇಕು. ಆ ಮಕ್ಕಳು ಕೇಳುತ್ತಿದ್ದದ್ದು ಕೊಲ್ಲುವ ಆಟ. ಬೆರಳನ್ನು ಬಂದೂಕು ಮಾಡಿ ಠೋ ಎಂದರೆ ಈರೇಶ್ ಸಾಯಬೇಕು. ಅವನು ಸಾಯುವುದರಲ್ಲಿ ನಿಸ್ಸೀಮನಾಗಿದ್ದ. ಒಮ್ಮೆ ಬಕೆಟ್ಟಿಗೆ ಕುಂಡೆ ಸಿಕ್ಕಿಸಿಕೊಂಡು ಸಾಯುತ್ತಿದ್ದ, ಒಮ್ಮೆ ಸತ್ತ ಮೇಲೂ ಆಕಳಿಸುತ್ತಿದ್ದ. ಸತ್ತು ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆಗೆದು ನೋಡಿ, ಎದ್ದು ಕುಣಿಯುತ್ತಿದ್ದ. ಸತ್ತವರು ಏಳುವುದನ್ನು ನೋಡಲೆಂದೇ ಆ ಮಕ್ಕಳು ಮತ್ತೆ ಮತ್ತೆ ಅವನನ್ನು ಕೊಲ್ಲುತ್ತಿದ್ದವು.

"ನದಿ ದಾಟೋ ಆಟದಲ್ಲಿ ಸಾಜಿದಾ ಯಾವಾಗ್ಲೂ ಹೆಗಲ ಮೇಲಿನ ಮಗು ಆಗ್ತಿದ್ಲು," ಎಂದಳು ಲಾವಣ್ಯ. "ಆ ಭಾನುವಾರ ಮೊದಲ ಸಲ, ನಾನು ಸೈನಿಕ ಆಗ್ತೀನಿ ಅಂದ್ಲು. ಈರೇಶ್‌ಗೆ ಎಷ್ಟು ಖುಷಿ ಆಯ್ತು ಗೊತ್ತಾ? ಇವತ್ತು ಅವಳ ಭಯ ಕೆಳಗಿಳೀತು ಲಾವಣ್ಯ ಅಂದ. ರಸ್ತೇಲಿ ಮಳೆನೀರು ನಿಂತಿತ್ತು. ಅದೇ ನದಿ. ಬೇರೆ ಒಂದು ಸಣ್ಣ ಪಾಪುನ ಹೆಗಲಿಗೆ ಹಾಕ್ಕೊಂಡು ನೀರಿಗಿಳಿದ. ನಾವು ಯಾವತ್ತೂ ಮುಖಕ್ಕೆ ಬಣ್ಣ ಇದ್ದಾಗ ಶೆಡ್ಡಿಂದ ಆಚೆ ಹೋದೋರಲ್ಲ. ಅವತ್ತು ಹೋದ್ವಿ."

ಆ ವಾರವಿಡೀ ಊರಿನ ಫೋನುಗಳಲ್ಲಿ ಒಂದು ಸುದ್ದಿ ಓಡಾಡುತ್ತಿತ್ತು. ವೇಷ ಹಾಕಿಕೊಂಡು ಮಕ್ಕಳನ್ನು ಎತ್ತಿಕೊಂಡು ಹೋಗುವವರು ಬಂದಿದ್ದಾರೆ ಎಂದು. ಶೆಡ್ಡಿನವರಿಗೆ ತೊಂದರೆಯಾಗದಿರಲಿ ಎಂದು ಲಾವಣ್ಯಳ ಗುಂಪು ಸದ್ದಿಲ್ಲದೆ ಬಂದು ಹೋಗುತ್ತಿದ್ದುದರಿಂದ, ಸುತ್ತಲ ಊರಿನವರಿಗೆ ಈ ಜೋಕರ್ ಯಾರೆಂದು ಗೊತ್ತೇ ಇರಲಿಲ್ಲ. ಸಾಜಿದಾ ಠೋ ಎಂದಳು. ಈರೇಶ್ ನೀರಿಗೆ ಬಿದ್ದ. ಹೆಗಲ ಮೇಲಿದ್ದ ಮಗು ತಾನೂ ಬಿದ್ದು ಕಿರುಚಿತು. ರಸ್ತೆಯಲ್ಲಿ ಹೋಗುತ್ತಿದ್ದ ಬೈಕುಗಳು ನಿಂತವು.

"ನಾನು ಈರೇಶ್ ಕಂಪನಿ ಹೆಸರು ಹೇಳಿದೆ, ಮನೆ ಹೇಳಿದೆ, ಕೂಗಿಕೊಂಡೆ. ಅವನು ಏನೂ ಹೇಳಲಿಲ್ಲ ಹೇಮಕ್ಕಾ. ಮೊದಲನೇ ಏಟು ಬಿದ್ದಾಗ ಮಕ್ಕಳ ಕಡೆ ತಿರುಗಿ ನೋಡಿದ. ಎಲ್ಲ ಸಾಲಾಗಿ ನಿಂತು ನೋಡ್ತಿದ್ವು. ಅವಕ್ಕೆ ಇದು ನಿಜ ಅಂತ ಗೊತ್ತಾಗಬಾರದು ಅಂತ... ನಾಲಿಗೆ ಹೊರಗೆ ಹಾಕಿದ. ಕಣ್ಣು ತಿರುಗಿಸಿದ. ಅಯ್ಯಯ್ಯೋ ಸತ್ತೆ ಅಂತ ಗಿರಗಿರ ತಿರುಗಿ ಬಿದ್ದ. ಅದಕ್ಕೇ ಅವು ನಕ್ಕಿದ್ದು. ಹೊಡೆಯೋರು ತಮ್ಮನ್ನೇ ಅಣಕಿಸ್ತಾನೆ ಅನ್ಕೊಂಡ್ರು. ಇನ್ನೂ ಜೋರಾಗಿ ಹೊಡೆದ್ರು."

ಅಡುಗೆಮನೆಯ ಸದ್ದು ನಿಂತುಹೋಗಿತ್ತು.

ಹೇಮಲತಾ ಫೋನು ತೆಗೆದು ವಿಡಿಯೋ ಹಚ್ಚಿದಳು. ಈ ಸಲ ಮಕ್ಕಳ ನಗು ಕೇಳುತ್ತ ಈರೇಶನ ಮುಖ ನೋಡಿದಳು. ಅಷ್ಟು ಸಲ ನೋಡಿದರೂ ಕಾಣದೆ ಹೋದದ್ದು ಕಂಡಿತು. ರಾಡಿನ ಏಟು ಬೆನ್ನಿಗೆ ಬಿದ್ದಾಗ ಅವನ ಬಾಯಿ ನೋವಿಗೆ ತೆರೆಯಿತು. ತೆರೆದ ಬಾಯಿಯನ್ನು ಅವನು ಹಾಗೇ ಹಿಗ್ಗಿಸಿ, ಮಕ್ಕಳ ಕಡೆ ತಿರುಗಿಸಿ, ನಾಲಿಗೆ ಆಡಿಸಿದ. ಹೆಲ್ಮೆಟ್ ಮುಖಕ್ಕೆ ಬಡಿದ ಮೇಲೂ ಒಂದು ಕಣ್ಣು ಮಿಟುಕಿಸಿದ. ಓಡಬಹುದಿತ್ತು. ಒಂದೆರಡು ಹೆಜ್ಜೆ ಓಡಿದ ಕೂಡ. ದೊಡ್ಡ ಬೂಟು ನೀರು ತುಂಬಿಕೊಂಡು ಕಾಲು ಹಿಡಿಯಿತು. ಒದರಿ ಬಿಸಾಡಿದ್ದರೆ ಆಗುತ್ತಿತ್ತು. ಬಿಸಾಡಲಿಲ್ಲ. ಇಟ್ಟಿಗೆ ಬಿದ್ದ ಮೇಲೆ ಮುಖ ಏನನ್ನೂ ಮಾಡಲಿಲ್ಲ. ಮಕ್ಕಳು ಇನ್ನೂ ನಗುತ್ತಿದ್ದವು. ಏಳುತ್ತಾನೆಂದು ಕಾಯುತ್ತಿದ್ದವು.

ಫೋನು ಕೆಳಗಿಟ್ಟಳು.

"ಈಗ ಏನಾಗಿದೆ ಅಂದ್ರೆ," ಎಂದಳು ಲಾವಣ್ಯ ಮೆಲ್ಲಗೆ, "ಸಾಜಿದಾ ತಾನೇ ಕೊಂದೆ ಅನ್ಕೊಂಡಿದಾಳೆ. ಅವಳು ಠೋ ಅಂದ್ಲು, ಅವನು ಬಿದ್ದ, ಏಳಲಿಲ್ಲ. ಪ್ಲಾಸ್ಟಿಕ್ ಗೋಣಿಚೀಲದ ದಾರ ತಗೊಂಡು ಆ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡುಬಿಟ್ಟಿದಾಳೆ. ಬೆರಳು ಕಪ್ಪಾಗ್ತಿದೆ. ನಿದ್ದೇಲಿ ಅವರಮ್ಮ ಬಿಚ್ಚಿದ್ರೆ ಎದ್ದು ಮತ್ತೆ ಕಟ್ಕೊಳ್ತಾಳೆ. ನಾನು ಹೇಳಿದ್ರೆ ನಂಬಲ್ಲ. ನೀವು ಜೋಕರ್‌ಗಳು, ನೀವು ಸುಳ್ಳು ಹೇಳ್ತೀರ ಅಂತಾಳೆ. ಡಾಕ್ಟರು, ಹೀಗೇ ಬಿಟ್ರೆ ಬೆರಳು ತೆಗೀಬೇಕಾಗುತ್ತೆ ಅಂದ್ರು. ಸಂಜೆ ಲಾರಿ ಹತ್ತಿದ್ರೆ ಆಮೇಲೆ ನಮ್ಮ ಕೈಗೆ ಸಿಗಲ್ಲ. ನೀನು ಬಂದು ಹೇಳ್ತೀಯಾ ಹೇಮಕ್ಕಾ?"

"ನಾನು ಯಾರು ಅಂತ ನಂಬ್ತಾಳೆ?"

"ಬೂಟು ನಿನ್ನ ಹತ್ರ ಇದೆಯಲ್ಲ."

ಹೇಮಲತಾ ಬಚ್ಚಲಿಗೆ ಹೋಗಿ ಬೂಟು ತಂದಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಶರಣಮ್ಮ ನಿಂತಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು.

"ಕಾಲಾಗಿಂದು ಹಂಗ ಕೈಯಾಗ ಹಿಡ್ಕೊಂಡು ಹೊಂಟೀಯಲ್ಲವಾ," ಎಂದರು. ಒಳಗೆ ಹೋಗಿ, ಬೂಟನ್ನು ತಮ್ಮ ಹಳೇ ಸೀರೆಯ ತುಂಡಿನಿಂದ ಒಳಗೂ ಹೊರಗೂ ಒರೆಸಿ, ಬಟ್ಟೆಯ ಚೀಲಕ್ಕೆ ಹಾಕಿ ಕೊಟ್ಟರು. "ಹಸೀದು ಕೊಡಬಾರದು. ಆ ಕೂಸಿಗೆ ಹೇಳು, ನನ್ನ ಮಗ ಎರವಲು ತಂದದ್ದು ಇಟ್ಕೊಳ್ಳೋನಲ್ಲ ಅಂತ."

*

ಆಟೋ ವೈಟ್‌ಫೀಲ್ಡ್ ದಾಟಿ, ಕಂಪನಿ ಕ್ಯಾಬುಗಳ ಸಾಲು ಕಳೆದು, ಕೆರೆಯ ಹಿಂದಿನ ಮಣ್ಣುರಸ್ತೆಗೆ ಇಳಿಯಿತು. ಇಟ್ಟಿಗೆ ಕಿತ್ತ ಫುಟ್‌ಪಾತಿನಲ್ಲಿ ಹಲ್ಲು ಉದುರಿದಂಥ ಖಾಲಿ ಜಾಗ ಹಾಗೇ ಇತ್ತು. ಹೇಮಲತಾ ಅದನ್ನು ನೋಡಿದಳು. ಆಟೋದವನೂ ನೋಡಿ, "ಇಲ್ಲೇ ಮೇಡಂ, ಆ ಮಕ್ಕಳ ಕಳ್ಳನ್ನ ಹೊಡೆದಾಕಿದ್ದು," ಎಂದ. ಲಾವಣ್ಯ ಏನೋ ಹೇಳಹೋದಳು. ಹೇಮಲತಾ ಅವಳ ತೊಡೆ ಒತ್ತಿ ಸುಮ್ಮನಿರಿಸಿದಳು.

ಶೆಡ್ಡುಗಳ ತಗಡು ಆಗಲೇ ಅರ್ಧ ಇಳಿದಿತ್ತು. ಕಸದ ಗುಡ್ಡದ ಪಕ್ಕ ಬಿಂದಿಗೆ, ಹಾಸಿಗೆ, ತಲೆಕೆಳಗಾದ ತೊಟ್ಟಿಲು. ಗಂಡಸರು ತಲೆ ತಗ್ಗಿಸಿ ಕಟ್ಟುತ್ತಿದ್ದರು. ಮುಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿಳಿ ಪಂಚೆಯ ಒಬ್ಬ ಮುದುಕ ಕೂತಿದ್ದ. ಜಾಗದ ಯಜಮಾನ ಕೃಷ್ಣಪ್ಪ. ಒಂದು ಕಾಲದಲ್ಲಿ ಇಲ್ಲಿ ರಾಗಿ ಬೆಳೆಯುತ್ತಿದ್ದವನು, ಈಗ ಬಾಡಿಗೆ ಎತ್ತುವವನು. ಹೊಡೆದವರಲ್ಲಿ ಅವನ ತಮ್ಮನ ಮಗ ಲಿಖಿತ್ ಒಬ್ಬ. ಅವನನ್ನು ಪೊಲೀಸರು ಒಯ್ದಿದ್ದರು.

ಲಾವಣ್ಯಳನ್ನು ಕಂಡು ಕೃಷ್ಣಪ್ಪ ಮುಖ ಗಂಟಿಕ್ಕಿದ. ಆಮೇಲೆ ಹೇಮಲತಾಳ ಬರಿಗತ್ತು ನೋಡಿ, ಯಾರೆಂದು ಊಹಿಸಿ, ಎದ್ದು ನಿಂತ.

"ನೀನೇ ಏನವ್ವ ಅವರೆಂಡ್ತಿ?"

"ಹೌದು."

"ಅಂಗಾಗಬಾರದಿತ್ತು ಕಣವ್ವ. ಆಗೋಯ್ತು. ಯಾರೋ ಫೋನ್ನಾಗೆ ಆಕಿದ್ದು, ಇವು ನಂಬ್ಕಂಡ್ವು. ನಮ್ಮುಡ್ಗ ಒಳ್ಳೇವ್ನು. ಅವ್ನು ಒಡೆದಿದ್ದು ಒಂದೇ ಏಟು. ದ್ಯಾವ್ರಾಣೆ, ಒಂದೇ ಏಟು."

ಹೇಮಲತಾ ಚೀಲವನ್ನು ಎದೆಗೆ ಅವುಚಿಕೊಂಡಳು.

"ಪೊಲೀಸ್ನೋರ್ ತಾವ ನೀನೊಂದು ಮಾತು ಏಳಿದ್ರೆ..." ಕೃಷ್ಣಪ್ಪ ಇನ್ನೂ ಹತ್ತಿರ ಬಂದ. "ಇನ್ನೂ ಮದ್ವೆ ಆಗಿಲ್ಲ ಕಣವ್ವ ಅವ್ನಿಗೆ. ಆ ಚಂದ್ರನ್ನ ಕೇಳು, ಅವ್ನೂ ಒಂದೇ ಏಟು. ಆ ಟೀ ಅಂಗ್ಡಿಯೋನೂ ಒಂದೇ. ಯಾರೂ ಸಾಯ್ಲಿ ಅಂತ ಒಡೀಲಿಲ್ಲ. ಎಲ್ರೂ ಒಂದೊಂದೇ ಏಟು ಒಡೆದ್ರವ್ವ."

ಹೇಮಲತಾಳ ಕೈ ಚೀಲದೊಳಗೆ ಹೋಯಿತು. ಬೂಟಿನ ಕಂಠ ಹಿಡಿದು ಹೊರಗೆಳೆದಳು. ಅವಳ ಮೈಯಲ್ಲಿ ಇಷ್ಟು ದಿನ ಹೆಪ್ಪುಗಟ್ಟಿದ್ದದ್ದು ಒಮ್ಮೆಗೇ ತೋಳಿಗೆ ಬಂತು. ಬೂಟು ತಲೆಯ ಮೇಲೆ ಎದ್ದಿತು. ಈ ಊರಿನಲ್ಲಿ ಮೆಟ್ಟಿನ ಏಟು ತಿಂದವನು ಮತ್ತೆ ತಲೆ ಎತ್ತಿ ಓಡಾಡುವುದಿಲ್ಲ. ಅದು ಕೃಷ್ಣಪ್ಪನಿಗೂ ಗೊತ್ತಿತ್ತು. ಅವನು ಕಣ್ಣು ಮುಚ್ಚಿದ. ಒಂದೇ ಏಟು, ಎಂದುಕೊಂಡಳು ಹೇಮಲತಾ. ನನ್ನದೂ ಒಂದೇ ಏಟು.

ಆಗ ಹಿಂದೆ ದೊಪ್ಪೆಂದು ಸದ್ದಾಯಿತು.

ತಿರುಗಿ ನೋಡಿದಳು. ಗಂಟುಮೂಟೆಗಳ ನಡುವೆ ನಿಂತಿದ್ದ ಮಕ್ಕಳೆಲ್ಲ ನೆಲಕ್ಕೆ ಬಿದ್ದಿದ್ದವು. ಬೋರಲಾಗಿ, ಕೈಗಳಿಂದ ತಲೆ ಮುಚ್ಚಿಕೊಂಡು, ಒಂದೂ ಸದ್ದಿಲ್ಲದೆ. ಅಷ್ಟು ಚೊಕ್ಕವಾಗಿ ಬಿದ್ದಿದ್ದವೆಂದರೆ, ಈ ಕೆಲಸ ಅವಕ್ಕೆ ಎಷ್ಟು ರೂಢಿಯಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇನ್ನೂ ಮಾತು ಬಾರದ ಒಂದು ಮಗು ಕೂಡ ಅಮ್ಮನ ಕಾಲ ಬಳಿ ಮುದುಡಿ ಮಲಗಿತ್ತು.

ನಿಂತಿದ್ದವಳು ಒಬ್ಬಳೇ ಹುಡುಗಿ. ಎಂಟೋ ಒಂಬತ್ತೋ ವಯಸ್ಸು. ಬಲಗೈಯ ತೋರುಬೆರಳಿಗೆ ನೀಲಿ ದಾರ ಸುತ್ತಿತ್ತು, ಬೆರಳ ತುದಿ ನೇರಳೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಅವಳು ಎತ್ತಿದ ಬೂಟನ್ನು ನೋಡಿದಳು. ತಲೆ ಬಗ್ಗಿಸಿ, ಒಂದೊಂದೇ ಹೆಜ್ಜೆ ಇಟ್ಟು ಹೇಮಲತಾಳ ಮುಂದೆ ಬಂದು ನಿಂತಳು. ಆ ಏಟು ತನಗೆಂದೇ ತಿಳಿದಿದ್ದಳು. ಅದನ್ನು ತಿನ್ನಲೆಂದೇ ಬಂದಿದ್ದಳು.

ಬೂಟು ನಿಧಾನವಾಗಿ ಕೆಳಗಿಳಿಯಿತು. ಅದು ಅವಳದಲ್ಲ. ಹೊಡೆಯಲು ಯಾರೂ ಕೊಟ್ಟದ್ದೂ ಅಲ್ಲ.

"ಹೋಗಿ," ಎಂದಳು ಕೃಷ್ಣಪ್ಪನಿಗೆ. "ನಾನು ಯಾವ ಮಾತೂ ಹೇಳಲ್ಲ. ವಿಡಿಯೋ ಹೇಳುತ್ತೆ."

ಮುದುಕ ಕುರ್ಚಿಯನ್ನು ಬಿಟ್ಟು ರಸ್ತೆಯ ಕಡೆ ನಡೆದ.

ಹೇಮಲತಾ ನೆಲದ ಮೇಲೆ ಕೂತಳು. ಮಣ್ಣು ಹಸಿಯಾಗಿತ್ತು. ಈಗ ಹುಡುಗಿಯ ಮುಖ ಅವಳಿಗಿಂತ ಮೇಲಿತ್ತು.

"ಸಾಜಿದಾ, ನಾನು ಈರೇಶನ ಹೆಂಡತಿ."

"ಗೊತ್ತು," ಎಂದಳು ಹುಡುಗಿ. ಈ ನೆಲದಲ್ಲಿ ಬೆಳೆಯುತ್ತಿದ್ದ ಅವಳ ಕನ್ನಡ ತುಂಡು ತುಂಡಾಗಿತ್ತು, ಆದರೆ ತಡವರಿಸಲಿಲ್ಲ. "ಅಂಕಲ್ ಹೇಳಿದ್ರು. ಆಂಟಿ ಬೂಟಿಗೆ ಬೈತಾರೆ ಅಂತ."

"ಹೂಂ. ಬೈದೆ."

"ನಾನೇ ಹೊಡ್ದೆ. ಠೋ ಅಂದೆ. ಬಿದ್ರು. ಎದ್ದಿಲ್ಲ." ದಾರ ಕಟ್ಟಿದ ಬೆರಳನ್ನು ಮುಂದೆ ಚಾಚಿದಳು. "ಇದು."

ಹೇಮಲತಾ ಆ ಕೈ ಹಿಡಿದಳು. ಗಂಟು ಕೈಯಿಂದ ಬಿಡಿಸಲು ಬರುವಂತಿರಲಿಲ್ಲ. ಬಗ್ಗಿ ಹಲ್ಲಿನಿಂದ ಕಚ್ಚಿದಳು. ಹುಡುಗಿ ಕೈ ಕಿತ್ತುಕೊಳ್ಳಲು ಹೆಣಗಿದಳು, ಇನ್ನೊಂದು ಕೈಯಿಂದ ಅವಳ ಕೂದಲು ಹಿಡಿದು ಎಳೆದಳು, ಕಾಲಿನಿಂದ ಒದ್ದಳು. "ಬೇಡ! ಬೇಡ! ಸಾಯ್ತಾರೆ!" ದಾರ ಕಡಿಯಿತು. ಹೇಮಲತಾಳ ಬಾಯಲ್ಲಿ ರಕ್ತದ ರುಚಿ ಬಂತು. ತನ್ನದೋ ಹುಡುಗಿಯದೋ ತಿಳಿಯಲಿಲ್ಲ.

ಬಿಡುಗಡೆಯಾದ ಬೆರಳನ್ನು ಹುಡುಗಿ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು. ಹೇಮಲತಾ ಮುಷ್ಟಿ ಬಿಡಿಸಿ, ಬೆರಳನ್ನು ನೆಟ್ಟಗೆ ಮಾಡಿ, ತನ್ನ ಎದೆಗೆ ಒತ್ತಿ ಹಿಡಿದಳು.

"ಹೊಡಿ."

ಹುಡುಗಿ ತಲೆಯಾಡಿಸಿದಳು.

"ನನ್ನನ್ನ ಹೊಡಿ ಸಾಜಿದಾ."

"ಇಲ್ಲ."

"ಹೊಡಿ ಅಂದೆ!"

ಮಲಗಿದ್ದ ಮಕ್ಕಳು ಒಂದೊಂದಾಗಿ ತಲೆ ಎತ್ತಿ ನೋಡುತ್ತಿದ್ದವು. ಸಾಜಿದಾಳ ತುಟಿ ಅಲುಗಿತು. "ಠೋ," ಎಂದಳು, ಉಸಿರಿನಷ್ಟೇ ಸದ್ದಿನಲ್ಲಿ.

ಆಟದ ನಿಯಮದಂತೆ ಈಗ ಬೀಳಬೇಕಿತ್ತು. ಮಕ್ಕಳೆಲ್ಲ ಅದಕ್ಕೇ ಕಾದವು. ಹೇಮಲತಾ ಬೀಳಲಿಲ್ಲ.

"ಮತ್ತೆ."

"ಠೋ."

"ಜೋರಾಗಿ."

"ಠೋ! ಠೋ!" ಹುಡುಗಿಯ ದನಿ ಒಡೆಯಿತು. ಬೆರಳು ಮರೆತುಹೋಗಿ ಮುಷ್ಟಿ ಬಂತು. ಎರಡೂ ಮುಷ್ಟಿಗಳಿಂದ ಎದೆಗೆ, ಭುಜಕ್ಕೆ, ಮುಖಕ್ಕೆ ಗುದ್ದಿದಳು. "ಬೀಳು! ಬೀಳು! ಯಾಕೆ ಬೀಳಲ್ಲ!" ಹೇಮಲತಾಳ ತುಟಿ ಹಲ್ಲಿಗೆ ತಾಗಿ ಸೀಳಿತು. ಲಾವಣ್ಯ ಮುಂದೆ ಬಂದಳು. ಹೇಮಲತಾ ಕೈ ಅಡ್ಡ ಹಿಡಿದು ತಡೆದಳು. ಗುದ್ದುಗಳೆಲ್ಲ ಮುಗಿಯುವವರೆಗೆ ಕೂತೇ ಇದ್ದಳು. ಕೊನೆಗೆ ಹುಡುಗಿಯ ಕೈಗಳು ಸೋತು ಜೋತುಬಿದ್ದವು.

"ನೋಡು," ಎಂದಳು ಹೇಮಲತಾ. "ಬೀಳಲಿಲ್ಲ. ಬೆರಳಿಗೆ ಯಾರೂ ಸಾಯಲ್ಲ. ಅವನೂ ಬೆರಳಿಗೆ ಸಾಯಲಿಲ್ಲ. ಗಂಡಸರು ರಾಡಲ್ಲಿ ಹೊಡೆದ್ರು. ಹೆಲ್ಮೆಟ್ಟಲ್ಲಿ ಹೊಡೆದ್ರು. ಇಟ್ಟಿಗೆ ತಲೆಗೆ ಹಾಕಿದ್ರು. ನೀವು ಹೆದರಬಾರದು ಅಂತ ಅವನು ಆಟ ಆಡ್ತಿರೋ ಹಾಗೆ ಮಾಡಿದ. ಆದರೆ ಅದು ಆಟ ಅಲ್ಲ."

ಸಾಜಿದಾ ಅವಳ ತುಟಿಯ ರಕ್ತವನ್ನೇ ನೋಡುತ್ತಿದ್ದಳು.

"ನನ್ನ ಅಬ್ಬಾನ್ನ ಹೊಡ್ದಂಗೆ?"

"ಹೂಂ. ಹಾಗೇ."

"ಏಳಲ್ವಾ?"

ಲಾವಣ್ಯ ಮುಖ ಬೇರೆ ಕಡೆ ತಿರುಗಿಸಿದಳು. ಅವಳ ಗುಂಪಿನಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವ ನಿಯಮ ಇರಲಿಲ್ಲ.

"ಏಳಲ್ಲ," ಎಂದಳು ಹೇಮಲತಾ. ಹಾಗೆ ಹೇಳಿದ್ದು ತನ್ನ ಕಿವಿಗೂ ಮೊದಲ ಸಲ ಬಿದ್ದಿತು. "ನಾನೇ ಮಣ್ಣು ಹಾಕಿ ಬಂದೆ. ಇನ್ನು ಏಳಲ್ಲ."

ಅವಳ ಕೆನ್ನೆಯ ಮೇಲೆ ಏನೋ ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಹುಡುಗಿ ತನ್ನ ನೇರಳೆ ಬೆರಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು. ರಕ್ತ ಮರಳಿ ಇಳಿಯುವಾಗ ಉರಿಯುತ್ತದೆ. ಅವಳು ಹಲ್ಲು ಕಚ್ಚಿದಳು, ಅಳಲಿಲ್ಲ, ಬೆರಳಿಗೆ ಬಾಯಿಂದ ಗಾಳಿ ಊದಿದಳು.

ರಸ್ತೆಯಲ್ಲಿ ಲಾರಿಯ ಹಾರ್ನ್ ಕೇಳಿತು. ಹೆಂಗಸರು ಗಂಟುಗಳನ್ನು ತಲೆಗೆತ್ತಿದರು. ಸಾಜಿದಾಳ ಅಮ್ಮ ದೂರದಿಂದ ಅವಳ ಹೆಸರು ಕೂಗಿದಳು. ಹುಡುಗಿ ಓಡಿಹೋಗಿ, ಮೂಟೆಗಳ ನಡುವೆ ಕೈ ಹಾಕಿ, ಬಲಗಾಲಿನ ಬೂಟನ್ನು ಎಳೆದು ತಂದಳು. ಅದನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಳು.

ಹೇಮಲತಾ ಎಡಗಾಲಿನದನ್ನು ಚಾಚಿದಳು. "ಕಂಠ ಒಂಚೂರು ಹರಿದಿದೆ. ಅತ್ತೆ ಒರೆಸಿಕೊಟ್ಟಿದಾರೆ. ಅವರ ಮಗ ಎರವಲು ತಂದದ್ದು ಇಟ್ಕೊಳ್ಳೋನಲ್ಲ ಅಂತ ಹೇಳು ಅಂದ್ರು."

ಸಾಜಿದಾ ಕೈ ಚಾಚಲಿಲ್ಲ. ಹರಿದ ಕಡೆ ನೋಡಿದಳು. ಒಳಗೆ ಇಣುಕಿದಳು.

"ಆಟ ಮುಗಿದ್ಮೇಲೆ ಕೊಡ್ತೀನಿ ಅಂದಿದ್ರು ಅಂಕಲ್," ಎಂದಳು. "ಮುಗೀತಾ?"

"ಮುಗೀತು."

ಆಗ ಅವಳು ಎರಡೂ ಕೈ ಮುಂದೆ ಮಾಡಿದಳು. ಹೇಮಲತಾ ಬೂಟನ್ನು ಆ ಕೈಗಳಲ್ಲಿಟ್ಟಳು.